ಟಿ4 ಬೆನ್ನುಹುರಿ ಪೆಟ್ಟು: ಯಾವ ಡಾಕ್ಟರ ಹತ್ತಿರ, ಏನು ಕೇಳಿಕೊಂಡು ಹೋಗುವುದು?

ಪ್ರಶ್ನೆ, ತೀರ್ಥಹಳ್ಳಿಯಿಂದ:
ತಮ್ಮನಿಗೆ 29 ವರ್ಷ. ಒಂದೂವರೆ ವರ್ಷದ ಹಿಂದೆ ಕೊನೆ ತೆಗೆಯಲು ಅಡಿಕೆ ಮರ ಹತ್ತಿದವನು ಬಿದ್ದ. ಟಿ4 ಮಟ್ಟದಲ್ಲಿ (ಎದೆಭಾಗದ ನಾಲ್ಕನೇ ಬೆನ್ನುಮೂಳೆ) ಬೆನ್ನುಹುರಿಗೆ ಪೆಟ್ಟು, ರಾಡ್ ಸ್ಕ್ರೂ ಹಾಕಿದ್ದಾರೆ. ಎದೆಯಿಂದ ಕೆಳಗೆ ಸ್ಪರ್ಶವಿಲ್ಲ, ಕೈ ಚೆನ್ನಾಗಿದೆ. ಫೋಲಿ ಕ್ಯಾತಿಟರ್ (ಮೂತ್ರಕೋಶದಲ್ಲೇ ಇಟ್ಟಿರುವ ಮೂತ್ರದ ಟ್ಯೂಬು) ಇದೆ, ತಿಂಗಳಿಗೊಮ್ಮೆ ಜ್ವರ. ಬಾಲದ ಮೂಳೆಯ ಮೇಲೆ ಹುಣ್ಣು. ಕೆಲವು ಸಲ ಇದ್ದಕ್ಕಿದ್ದಂತೆ ತಲೆ ಸಿಡಿಯುತ್ತದೆ, ಮುಖವೆಲ್ಲ ಬೆವರುತ್ತದೆ. ಆಪರೇಷನ್ ಮಾಡಿದವರು ‘ನಮ್ಮ ಕೆಲಸ ಮುಗಿಯಿತು, ಫಿಸಿಯೋ ಮಾಡಿಸಿ’ ಅಂದರು. ಯೂರಾಲಜಿಯವರು ನ್ಯೂರೋಗೆ ಬರೆದುಕೊಡುತ್ತಾರೆ, ನ್ಯೂರೋದವರು ಯೂರಾಲಜಿಗೆ. ಯಾರ ಹತ್ತಿರ ಹೋಗಬೇಕು?

ರಿಹ್ಯಾಬ್ ವಾರ್ಡ್ ನರ್ಸ್, ಬೆಂಗಳೂರು:
ಅಕ್ಕ, ಉಳಿದದ್ದೆಲ್ಲ ಆಮೇಲೆ. ಮೊದಲು ಆ ತಲೆಸಿಡಿತ. ಟಿ6 ಅಥವಾ ಅದಕ್ಕಿಂತ ಮೇಲೆ ಪೆಟ್ಟಾದವರಲ್ಲಿ ಇದನ್ನು ಬರೀ ತಲೆನೋವು ಅಂದುಕೊಳ್ಳಬಾರದು. ಅಟಾನಮಿಕ್ ಡಿಸ್‌ರಿಫ್ಲೆಕ್ಸಿಯಾ ಎಂದೇ ನೋಡಬೇಕು. ಸ್ಪರ್ಶವಿಲ್ಲದ ಭಾಗದಲ್ಲಿ ಏನೋ ಕೆರಳಿಸುತ್ತಿರುತ್ತದೆ, ಹೆಚ್ಚಾಗಿ ತುಂಬಿದ ಮೂತ್ರಕೋಶ, ಇಲ್ಲವೇ ಕಟ್ಟಿಕೊಂಡ ಮಲ. ಅದಕ್ಕೆ ಕೆಳಗಿನ ರಕ್ತನಾಳಗಳು ಬಿಗಿಯುತ್ತವೆ, ‘ಸಡಿಲಿಸು’ ಎನ್ನುವ ಮಿದುಳಿನ ಸಂದೇಶ ಪೆಟ್ಟಾದ ಜಾಗ ದಾಟಿ ಇಳಿಯುವುದಿಲ್ಲ. ಬಿಪಿ ನೆಗೆಯುತ್ತದೆ. ಹಾಗೇ ಬಿಟ್ಟರೆ ಮಿದುಳಿನಲ್ಲಿ ರಕ್ತಸ್ರಾವ, ಫಿಟ್ಸ್ ಆಗಬಹುದು.

ಮನೆಯಲ್ಲಿ ಒಂದು ಬಿಪಿ ಮೆಷಿನ್ ಇಟ್ಟುಕೊಳ್ಳಿ. ಚೆನ್ನಾಗಿರುವಾಗ ಒಂದು ವಾರ ನೋಡಿ ಬರೆದಿಡಿ. ಇವರಿಗೆ 90/60 ಅಥವಾ 100/60 ಇರುವುದು ಸಾಮಾನ್ಯ. ಮೇಲಿನ ಅಂಕಿ ಅದಕ್ಕಿಂತ 20ರಿಂದ 40 ಏರಿದರೆ ಅದೇ ಅಪಾಯ. ಎಡವಟ್ಟಾಗುವುದು ಇಲ್ಲೇ: ಕ್ಯಾಶುವಾಲ್ಟಿಯಲ್ಲಿ 135 ನೋಡಿದವರು ‘ಬಿಪಿ ನಾರ್ಮಲ್’ ಎಂದು ನೋವಿನ ಮಾತ್ರೆ ಕೊಟ್ಟು ಕಳಿಸುತ್ತಾರೆ.

ತಲೆ ಸಿಡಿದ ಕೂಡಲೇ ಮಲಗಿಸಬೇಡಿ. ನೆಟ್ಟಗೆ ಕೂರಿಸಿ, ಕಾಲು ಕೆಳಗೆ ಇಳಿಬಿಡಿ. ಬೆಲ್ಟು, ಸಾಕ್ಸು, ಪಂಚೆಯ ಗಂಟು ಸಡಿಲಿಸಿ. ಆಮೇಲೆ ಚೀಲದಿಂದ ಶುರುಮಾಡಿ ಮೇಲಕ್ಕೆ ಟ್ಯೂಬನ್ನು ಬೆರಳಲ್ಲಿ ಹಿಡಿದುಕೊಂಡೇ ನೋಡಿ. ತೊಡೆಯ ಕೆಳಗೆ ಸಿಕ್ಕಿ ಮಡಚಿರುತ್ತದೆ, ಚೀಲ ತುಂಬಿರುತ್ತದೆ, ಇಲ್ಲವೇ ಒಳಗೆ ಗಸಿ ಕಟ್ಟಿರುತ್ತದೆ. ಮಡಿಕೆ ಬಿಡಿಸಿಯೂ ಮೂತ್ರ ಬರದಿದ್ದರೆ ಕ್ಯಾತಿಟರ್ ಬದಲಿಸಲೇಬೇಕು, ಮರಗಟ್ಟಿಸುವ ಲಿಗ್ನೊಕೇನ್ ಜೆಲ್ಲಿ ಹಾಕಿಯೇ. ಎರಡರಿಂದ ಐದು ನಿಮಿಷಕ್ಕೊಮ್ಮೆ ಬಿಪಿ ನೋಡುತ್ತಿರಿ. ಮೂತ್ರ ಸರಿಯಾಗಿ ಇಳಿಯುತ್ತಿದ್ದರೆ ಮಲ ಕಟ್ಟಿದೆಯೇ ನೋಡಬೇಕು. ಅದೂ ಅಲ್ಲದಿದ್ದರೆ ಹುಣ್ಣು, ಒಳಗೆ ಬೆಳೆದ ಉಗುರು. ಕಾರಣ ಸಿಗದೆ ಮೇಲಿನ ಬಿಪಿ 150ರ ಹತ್ತಿರ ನಿಂತರೆ 108 ಕರೆಯಿರಿ. ಆಸ್ಪತ್ರೆಯಲ್ಲಿ ಬೇಗ ಇಳಿಸುವ ಔಷಧ ಕೊಡುತ್ತಾರೆ. ಸಿಲ್ಡೆನಾಫಿಲ್ (ಲೈಂಗಿಕ ಸಮಸ್ಯೆಯ) ಮಾತ್ರೆ ತೆಗೆದುಕೊಂಡಿದ್ದರೆ ಸಂಕೋಚಪಡದೆ ಹೇಳಬೇಕು, ಏಕೆಂದರೆ ಅದರ ಮೇಲೆ ಬಿಪಿ ಇಳಿಸುವ ನೈಟ್ರೇಟ್ ಔಷಧ ಬಿದ್ದರೆ ಬಿಪಿ ಪಾತಾಳಕ್ಕೆ ಇಳಿಯುತ್ತದೆ.

ವೈದ್ಯಕೀಯ ಸಮಾಜ ಕಾರ್ಯಕರ್ತರು, ಮೈಸೂರು:
ಯಾರ ಹತ್ತಿರ ಎಂಬುದಕ್ಕೆ ಉತ್ತರ: ಪಿಎಂಆರ್. ಫಿಸಿಕಲ್ ಮೆಡಿಸಿನ್ ಅಂಡ್ ರಿಹ್ಯಾಬಿಲಿಟೇಷನ್. ಇವರು ಎಂಬಿಬಿಎಸ್ ಆದಮೇಲೆ ಎಂಡಿ ಮಾಡಿದ ವೈದ್ಯರು, ಫಿಸಿಯೋಥೆರಪಿಸ್ಟ್ ಅಲ್ಲ. ‘ಫಿಸಿಯೋ ಮಾಡಿಸಿ’ ಎಂಬ ಒಂದೇ ಮಾತಿನಲ್ಲಿ ಈ ವಿಭಾಗವೇ ಮುಚ್ಚಿಹೋಗುತ್ತದೆ. ಮೂತ್ರ, ಮಲ, ಹುಣ್ಣು, ಸೆಳೆತ, ಗಾಲಿಕುರ್ಚಿಯ ಅಳತೆ ಎಲ್ಲವನ್ನೂ ಒಬ್ಬರೇ ಕೂತು ನೋಡಿ, ಬೇಕಾದ ಕಡೆಗೆ ಬೇಕಾದ ಪ್ರಶ್ನೆ ಬರೆದು ಕಳಿಸುವವರು ಅವರು.

ಬೆಂಗಳೂರಿನಲ್ಲಿ ನಿಮ್ಹಾನ್ಸ್‌ನಲ್ಲಿ ನರರೋಗ ಪುನಶ್ಚೇತನ ವಿಭಾಗವಿದೆ, ಸೇಂಟ್ ಜಾನ್ಸ್‌ನಲ್ಲಿ ಪಿಎಂಆರ್ ಇದೆ. ವೆಲ್ಲೂರು ಸಿಎಂಸಿಯ ರಿಹ್ಯಾಬ್ ಕೇಂದ್ರ ಬಾಗಾಯಂನಲ್ಲಿದೆ; ಅಪಘಾತದಲ್ಲಿ ತಮಗೇ ಬೆನ್ನುಹುರಿ ಪೆಟ್ಟಾಗಿ ಗಾಲಿಕುರ್ಚಿಯಲ್ಲಿ ಕೂತು ಶಸ್ತ್ರಚಿಕಿತ್ಸೆ ಮಾಡಿದ ಡಾ. ಮೇರಿ ವರ್ಗೀಸ್ 1966ರಲ್ಲಿ ಕಟ್ಟಿ ನಿಲ್ಲಿಸಿದ್ದು. ರೈಲಿಗೆ ಕಾಟ್ಪಾಡಿಯಲ್ಲಿ ಇಳಿಯಬೇಕು. ಆಸ್ಪತ್ರೆಯ ಹೊರಗಿನ ತರಬೇತಿಗೆ ಅಂಗವಿಕಲರಿಗಾಗಿ ಕೆಲಸ ಮಾಡುವ ಬೆಂಗಳೂರಿನ ಎಪಿಡಿ ಸಂಸ್ಥೆಯನ್ನೂ ಕೇಳಿ.

ಸುಮ್ಮನೆ ಬಸ್ ಹತ್ತಬೇಡಿ, ಮೊದಲು ಫೋನ್. ‘ಬೆನ್ನುನೋವಿಗೆ’ ಎನ್ನಬೇಡಿ, ಆರ್ಥೋಗೆ ಹಾಕುತ್ತಾರೆ. ‘ಟಿ4 ಬೆನ್ನುಹುರಿ ಪೆಟ್ಟು, ಒಂದೂವರೆ ವರ್ಷವಾಗಿದೆ, ಫೋಲಿ ಇದೆ, ಹುಣ್ಣು ಇದೆ’ ಎಂದು ಹೇಳಿ. ಒಪಿಡಿ ಯಾವ ದಿನ, ಒಳರೋಗಿಯಾಗಿ ಸೇರಲು ಎಷ್ಟು ದಿನ ಕಾಯಬೇಕು, ಮನೆಯವರೊಬ್ಬರು ಜೊತೆಗಿರಬೇಕೇ, ಹುಣ್ಣಿದ್ದರೆ ಸೇರಿಸಿಕೊಳ್ಳುತ್ತಾರೆಯೇ ಎಂದು ಕೇಳಿ. ಕೊನೆಯದು ಮುಖ್ಯ. ಆಳವಾದ ಹುಣ್ಣಿದ್ದರೆ ಕೂರುವ ತರಬೇತಿ ಕೊಡಲಾಗದು ಎಂದು ದಾಖಲಾತಿಯನ್ನೇ ಮುಂದಕ್ಕೆ ಹಾಕಬಹುದು. ಅಷ್ಟು ದೂರ ಹೋದಮೇಲೆ ಅದು ತಿಳಿಯುವುದು ಬೇಡ.

ಗಾಲಿಕುರ್ಚಿ ಬಳಕೆದಾರ, ಧಾರವಾಡ:
ಅಕ್ಕಾರ, ಜ್ವರ ಬಂದ ಕೂಡ್ಲೇ ಮೆಡಿಕಲ್ ಶಾಪಿನ್ಯಾಗ ಆಂಟಿಬಯೋಟಿಕ್ ತಗೊಳ್ಳೂದು ಮೊದಲ ಬಿಡ್ರಿ. ಫೋಲಿ ಇದ್ದವರ ಮೂತ್ರದಾಗ ಯಾವಾಗ ನೋಡಿದ್ರೂ ಕೀವುಕಣ, ಬ್ಯಾಕ್ಟೀರಿಯಾ ಇರ್ತಾವ. ಜ್ವರ, ನಡುಕ, ಸೆಳೆತ ಹೆಚ್ಚಾಗೂದು, ಇಂಥಾವು ಇಲ್ಲಂದ್ರ ಬರೀ ರಿಪೋರ್ಟ್ ನೋಡಿ ಔಷಧ ನುಂಗಬಾರದು. ನುಂಗಿದ್ರ ಮುಂದ ಖರೇ ಸೋಂಕು ಬಂದಾಗ ಯಾವ ಔಷಧನೂ ನಾಟೂದಿಲ್ಲ. ಜ್ವರ ಬಂದಾಗ ಕಲ್ಚರ್ (ಯಾವ ಬ್ಯಾಕ್ಟೀರಿಯಾ ಅಂತ ಬೆಳೆಸಿ ನೋಡೂ ಪರೀಕ್ಷೆ) ಕೊಡ್ರಿ, ಆದ್ರ ಚೀಲದಾಗಿನ ಮೂತ್ರ ಕೊಡಬ್ಯಾಡ್ರಿ. ಹಳೆ ಕ್ಯಾತಿಟರ್ ತಗದು ಹೊಸಾದು ಹಾಕಿಸಿ, ಅದರಿಂದ ಬಂದ ಮೂತ್ರ ಕೊಡ್ರಿ. ಹಳೆ ಟ್ಯೂಬಿನ ಒಳಗೋಡೆಗೆ ಅಂಟಿದ್ದ ಬ್ಯಾಕ್ಟೀರಿಯಾನ ರಿಪೋರ್ಟಿನ್ಯಾಗ ಬಂತಂದ್ರ ಡಾಕ್ಟರ್ ತಪ್ಪು ಔಷಧ ಬರೀತಾರ.

ತಿಂಗಳಿಗೊಮ್ಮೆ ಜ್ವರ ಅಂದ್ರ ಮೂತ್ರಕೋಶದಾಗ ಕಲ್ಲು ಐತೇನು ಅಂತ ಹುಡುಕಬೇಕು. ಯೂರಾಲಜಿಗೆ ಹೋಗಿ ‘ಜ್ವರ ಬರ್ತೈತಿ’ ಅಂದ್ರ ಮತ್ತೊಂದು ಚೀಟಿ ಸಿಗ್ತೈತಿ. ಮೂರು ಮಾತು ಬರಕೊಂಡು ಹೋಗ್ರಿ: ಕಿಡ್ನಿ, ಮೂತ್ರಕೋಶದ ಅಲ್ಟ್ರಾಸೌಂಡ್ ಬೇಕು, ಯೂರೋಡೈನಾಮಿಕ್ಸ್ (ಮೂತ್ರಕೋಶದ ಒತ್ತಡ ಅಳೆಯೂ ಪರೀಕ್ಷೆ) ಇನ್ನೂ ಆಗಿಲ್ಲ, ಫೋಲಿ ತಗದು ಸಿಐಸಿ (ಹೊತ್ತಿಗೊಮ್ಮೆ ಟ್ಯೂಬ್ ಹಾಕಿ ಮೂತ್ರ ಖಾಲಿ ಮಾಡಿ ಟ್ಯೂಬ್ ತಗಿಯೂದು) ಮಾಡಬಹುದೇನು? ನಿಮ್ಮ ತಮ್ಮನ ಕೈ ಗಟ್ಟಿ ಅದಾವ, ಅವ್ರ ಸ್ವತಃ ಮಾಡ್ಕೋಬಹುದು. 12 ಇಲ್ಲಾ 14 ನಂಬರಿನ ಸಾದಾ ಕ್ಯಾತಿಟರ್, ನಾಲ್ಕರಿಂದ ಆರು ತಾಸಿಗೊಮ್ಮೆ. ಒಮ್ಮೆಗೆ 500 ಎಂಎಲ್ ದಾಟಬಾರದು. ದಾಟಿದ್ರ ಹೊತ್ತು ಹತ್ತಿರ ಮಾಡ್ರಿ. ಆದ್ರ ಯೂರೋಡೈನಾಮಿಕ್ಸ್ ಮೊದಲ. ಮೂತ್ರಕೋಶದ ಒಳಗ ಒತ್ತಡ ಹೆಚ್ಚಿದ್ರ ಮೂತ್ರ ಕಿಡ್ನಿಗೆ ವಾಪಸ್ ಏರ್ತೈತಿ, ಅದನ್ನ ಮಾತ್ರೆಯಿಂದ ಇಳಿಸಿಕೋಬೇಕು. ಆ ಪರೀಕ್ಷೆ ಮಾಡುವಾಗ ಮೂತ್ರಕೋಶ ತುಂಬಿಸ್ತಾರ, ಅಂದ್ರ ಮ್ಯಾಲೆ ನರ್ಸ್ ಅಕ್ಕಾರು ಹೇಳಿದ ಡಿಸ್‌ರಿಫ್ಲೆಕ್ಸಿಯಾ ಅಲ್ಲೇ ಬರಬಹುದು. ‘ಟಿ4, ಬಿಪಿ ನೋಡ್ಕೋತ ಮಾಡ್ರಿ’ ಅಂತ ಮೊದಲ ಹೇಳ್ರಿ.

ತೀರ್ಥಹಳ್ಳಿಯಿಂದ:
ಕ್ರಿಯಾಟಿನಿನ್ 0.9 ಇದೆ, ಕಿಡ್ನಿಗೆ ತೊಂದರೆ ಇಲ್ಲ ಅಂದಿದ್ದರು. ಸಾಲದೇ?

ರಿಹ್ಯಾಬ್ ವಾರ್ಡ್ ನರ್ಸ್, ಬೆಂಗಳೂರು:
ಸಾಲದು ಅಕ್ಕ. ಕ್ರಿಯಾಟಿನಿನ್ ಬರುವುದು ಸ್ನಾಯುವಿನಿಂದ. ಕಾಲಿನ ಸ್ನಾಯು ಕರಗಿದವರಲ್ಲಿ ಅದು ಮೊದಲೇ ಕಡಿಮೆ. 0.5 ಇದ್ದದ್ದು 0.9 ಆದರೆ ಲ್ಯಾಬ್ ಲೆಕ್ಕದಲ್ಲಿ ನಾರ್ಮಲ್, ಆದರೆ ಕಿಡ್ನಿ ಸುಮಾರು ಅರ್ಧ ಶಕ್ತಿ ಕಳೆದುಕೊಂಡಿರಬಹುದು. ಹಳೆಯ ರಿಪೋರ್ಟುಗಳನ್ನು ತಾರೀಖಿನ ಸಾಲಿನಲ್ಲಿ ಜೋಡಿಸಿ, ಏರಿದೆಯೇ ನೋಡಿ. ಅನುಮಾನವಿದ್ದರೆ ಸ್ನಾಯುವನ್ನು ಅವಲಂಬಿಸದ ಸಿಸ್ಟಾಟಿನ್ ಸಿ ಪರೀಕ್ಷೆ ಕೇಳಬಹುದು. ವರ್ಷಕ್ಕೊಮ್ಮೆ ಅಲ್ಟ್ರಾಸೌಂಡ್ ತಪ್ಪಿಸಬೇಡಿ.

ಫಿಸಿಯೋಥೆರಪಿಸ್ಟ್, ಶಿವಮೊಗ್ಗ:
ಹುಣ್ಣು ಎಲ್ಲಿದೆ ಎಂಬುದೇ ಅದು ಹೇಗೆ ಬಂತೆಂದು ಹೇಳುತ್ತದೆ. ಕೂರುವ ಎರಡು ಮೂಳೆಗಳ ಮೇಲಿದ್ದರೆ ಕುರ್ಚಿಯ ತಪ್ಪು. ಬಾಲದ ಮೂಳೆಯ ಮೇಲಿದ್ದರೆ ಸಾಮಾನ್ಯವಾಗಿ ಹಾಸಿಗೆಯದು: ಬೆನ್ನಿಗೆ ದಿಂಬು ಒಟ್ಟಿ ಅರೆ ಕೂರಿಸಿರುತ್ತಾರೆ, ಮೈ ಕೆಳಕ್ಕೆ ಜಾರುತ್ತದೆ, ಚರ್ಮ ಹಾಸಿಗೆಗೆ ಅಂಟಿಕೊಂಡೇ ಇರುತ್ತದೆ, ಒಳಗಿನ ಮಾಂಸ ಹರಿಯುತ್ತದೆ. ಟಿವಿ ನೋಡಲು, ಊಟಕ್ಕೆ ಹಾಗೆ ಕೂರಿಸುವ ಅಭ್ಯಾಸ ಇದೆಯೇ ನೋಡಿ. ಡಿಸ್‌ರಿಫ್ಲೆಕ್ಸಿಯಾದ ತುರ್ತು ಬಿಟ್ಟರೆ ತಲೆಯ ಕಡೆ 30 ಡಿಗ್ರಿಗಿಂತ ಎತ್ತರ ಬೇಡ. ಎರಡು ಗಂಟೆಗೊಮ್ಮೆ ಮಗ್ಗುಲು, ಪೂರ್ತಿ ಪಕ್ಕಕ್ಕಲ್ಲ, ಓರೆಯಾಗಿ.

ಗಾಳಿ ಹಾಸಿಗೆ ಇದ್ದರೂ ನಂಬಿ ಕೂರಬೇಡಿ. ಅವರು ಮಲಗಿರುವಾಗ ಹಾಸಿಗೆಯ ಅಡಿಯಿಂದ, ಬಾಲದ ಮೂಳೆಯ ನೇರಕ್ಕೆ ಅಂಗೈ ತೂರಿಸಿ. ಅಂಗೈಗೂ ಮೂಳೆಗೂ ನಡುವೆ ಒಂದು ಇಂಚು ಗಾಳಿಯಾದರೂ ಸಿಗಬೇಕು. ಮೂಳೆ ಕೈಗೆ ತಾಗಿದರೆ ಹಾಸಿಗೆ ಇದ್ದೂ ಇಲ್ಲದಂತೆ. ನಿಮ್ಮ ಕಡೆ ಮಳೆಗಾಲದಲ್ಲಿ ಕರೆಂಟ್ ಹೋದರೆ ಅದು ಇಳಿದುಬಿಡುತ್ತದೆ. ಪಂಪನ್ನು ಯುಪಿಎಸ್‌ಗೆ ಹಾಕಿ, ಕೆಳಗೊಂದು ದಪ್ಪ ಫೋಮ್ ಇಡಿ. ಟ್ಯೂಬಿನಂಥ ಬಳೆ ದಿಂಬು ಬೇಡವೇ ಬೇಡ, ಸುತ್ತಲಿನ ರಕ್ತ ಸಂಚಾರ ನಿಲ್ಲಿಸುತ್ತದೆ. ತೊಳೆಯಲು ನಾರ್ಮಲ್ ಸಲೈನ್ ಸಾಕು. ಸ್ಪಿರಿಟ್, ಹೈಡ್ರೋಜನ್ ಪೆರಾಕ್ಸೈಡ್, ಪೌಡರ್ ಬೇಡ.

ಒಳಗೆ ಮೂಳೆ ತಾಗುತ್ತಿದ್ದರೆ ಪ್ಲಾಸ್ಟಿಕ್ ಸರ್ಜರಿಗೆ ಹೋಗಬೇಕು. ಆ ತಿಂಗಳ ಜ್ವರ ಮೂತ್ರದ್ದಲ್ಲದೆ ಮೂಳೆಯ ಸೋಂಕಿನದೂ ಆಗಿರಬಹುದು, ಎಂಆರ್‌ಐ ಕೇಳಿ. ಆ ಎಂಆರ್‌ಐಗೆ, ಬೆನ್ನಿಗೆ ಹಾಕಿದ ರಾಡಿನ ಇಂಪ್ಲಾಂಟ್ ಸ್ಟಿಕ್ಕರ್ ಇರುವ ಚೀಟಿ ಬೇಕಾಗುತ್ತದೆ. ಹಿಮೋಗ್ಲೋಬಿನ್, ಅಲ್ಬುಮಿನ್, ಶುಗರ್ ಮೊದಲೇ ಮಾಡಿಸಿಕೊಂಡು ಹೋದರೆ ಒಂದು ಓಡಾಟ ಉಳಿಯುತ್ತದೆ. ಸ್ಪರ್ಶವಿಲ್ಲ ಎಂದು ಅರಿವಳಿಕೆ ಇಲ್ಲದೆ ಹುಣ್ಣು ಕೆರೆಯಲು ಬಿಡಬೇಡಿ. ನೋವು ಗೊತ್ತಾಗದಿದ್ದರೂ ಬಿಪಿ ಏರುತ್ತದೆ.

ವೈದ್ಯಕೀಯ ಸಮಾಜ ಕಾರ್ಯಕರ್ತರು, ಮೈಸೂರು:
ಹಣ, ಕಾಗದದ ವಿಷಯ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ, ಎಪಿಎಲ್ ಆದರೆ ಪ್ಯಾಕೇಜ್ ದರದ ಶೇ 30. ತುರ್ತು ಅಲ್ಲದಿದ್ದರೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಇಲ್ಲದೆ ಖಾಸಗಿ ಆಸ್ಪತ್ರೆಗೆ ಹೋದರೆ ಕೈಯಿಂದಲೇ ಕಟ್ಟಬೇಕಾಗುತ್ತದೆ. ಅಂಗವಿಕಲರ ‘ನಿರಾಮಯ’ ಆರೋಗ್ಯ ವಿಮೆಯ ಫಾರಂ ತುಂಬಿ ಕಾಯಬೇಡಿ, ಅದರಲ್ಲಿ ಬೆನ್ನುಹುರಿ ಪೆಟ್ಟು ಬರುವುದಿಲ್ಲ. ಯುಡಿಐಡಿ (ಅಂಗವಿಕಲರ ಗುರುತಿನ) ಕಾರ್ಡ್ ಇಲ್ಲದಿದ್ದರೆ ಗ್ರಾಮ ಪಂಚಾಯಿತಿಯ ವಿಆರ್‌ಡಬ್ಲ್ಯೂ (ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು) ಅವರನ್ನು ಹಿಡಿಯಿರಿ, ಅದು ಅವರ ಕೆಲಸವೇ. ಜೊತೆಗಾರರಿಲ್ಲದೆ ಪ್ರಯಾಣಿಸಲಾಗದ ಅಂಗವಿಕಲರಿಗೆ ರೈಲಿನ ಸ್ಲೀಪರ್, ಥರ್ಡ್ ಎಸಿಯಲ್ಲಿ ಶೇ 75 ರಿಯಾಯಿತಿ, ಜೊತೆಗಾರರಿಗೂ ಅಷ್ಟೇ.

ಒಪಿಡಿ ಸಾಲಿನಲ್ಲಿ ಗಂಟೆಗಟ್ಟಲೆ ಕೂರಿಸಿದರೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 25ನೇ ಕಲಮನ್ನು ಹೇಳಿ: ತಪಾಸಣೆ, ಚಿಕಿತ್ಸೆಯಲ್ಲಿ ಆದ್ಯತೆ. ಕೌಂಟರಿನಲ್ಲಿ ಜಗಳವಾಡಿದರೆ ಪ್ರಯೋಜನವಿಲ್ಲ, ಮೆಡಿಕಲ್ ಸೂಪರಿಂಟೆಂಡೆಂಟ್ ಕಚೇರಿಗೆ ಹೋಗಿ ನಿಧಾನವಾಗಿ ಹೇಳಿ.

ಗಾಲಿಕುರ್ಚಿ ಬಳಕೆದಾರ, ಧಾರವಾಡ:
ಆಸ್ಪತ್ರೆ ಟ್ರಾಲಿ ಮ್ಯಾಲೆ ಬರೀ ರೆಕ್ಸಿನ್ ಇರ್ತೈತಿ. ಎಕ್ಸ್‌ರೇ ಬಾಗಲದಾಗ ಮೂರು ತಾಸು ಮಲಗಿಸಿದ್ರ ಇದ್ದ ಹುಣ್ಣು ಆಳಾಗ್ತೈತಿ, ಹೊಸಾದೂ ಆಗ್ತೈತಿ. ಸ್ವಂತ ಕುಶನ್ ಒಯ್ರಿ, ಟ್ರಾಲಿ ಮ್ಯಾಲೂ ಹಾಕ್ರಿ. ಕುರ್ಚಿಯಾಗಿದ್ರ ಅರ್ಧ ತಾಸಿಗೊಮ್ಮೆ ಎದಿ ತೊಡಿಗೆ ತಾಗುವಂಗ ಮುಂದ ಬಾಗಿ ಎರಡು ನಿಮಿಷ ಇರಬೇಕು. ಕೈ ಊರಿ ಎತ್ತಿಕೊಳ್ಳೂದು ಎರಡು ನಿಮಿಷ ಆಗೂದಿಲ್ಲ, ಭುಜಾನೂ ಸವೀತಾವ. ಬ್ಯಾಕ್ಲೋಫೆನ್ (ಸೆಳೆತದ ಮಾತ್ರೆ) ತಗೋತಿದ್ರ ಎರಡು ದಿನದ್ದು ಹೆಚ್ಚಿಗೆ ಇರಲಿ. ಅಡ್ಮಿಟ್ ಆದಾಗ ಚಾರ್ಟಿನ್ಯಾಗ ಅದನ್ನ ಬರೀದ ಬಿಟ್ರು ಅಂದ್ರ, ಒಮ್ಮೆಲೆ ನಿಂತು ಫಿಟ್ಸ್ ಬರಬಹುದು.

ತೀರ್ಥಹಳ್ಳಿಯಿಂದ:
ಕೈಬೆರಳು ಜುಂ ಅನ್ನುತ್ತಿದೆ ಅಂತ ಈಚೆಗೆ ಹೇಳುತ್ತಿದ್ದಾನೆ. ಅದನ್ನೂ ಪಿಎಂಆರ್‌ಗೇ ಹೇಳುವುದೇ?

ರಿಹ್ಯಾಬ್ ವಾರ್ಡ್ ನರ್ಸ್, ಬೆಂಗಳೂರು:
ಹೇಳಿ, ಆದರೆ ಅದಕ್ಕಾಗಿ ನ್ಯೂರೋಸರ್ಜನ್‌ಗೆ ಬೇಗ ತೋರಿಸಿ. ಟಿ4ರ ಮೇಲಿನ ಭಾಗದಲ್ಲಿ ಹೊಸದಾಗಿ ಜುಮ್ಮು, ಬಿಸಿ ತಣ್ಣಗೆ ಗೊತ್ತಾಗದಿರುವುದು, ಹಿಡಿತ ಕಡಿಮೆಯಾಗುವುದು ಬಂದರೆ ಬೆನ್ನುಹುರಿಯೊಳಗೆ ನೀರುಗುಳ್ಳೆ ಬೆಳೆಯುತ್ತಿರಬಹುದು, ಸಿರಿಂಕ್ಸ್ ಎನ್ನುತ್ತಾರೆ. ಕುರ್ಚಿ ತಳ್ಳಿ ಮಣಿಕಟ್ಟಿನ ನರ ಒತ್ತಿದರೂ ಹೀಗಾಗುತ್ತದೆ, ಎರಡನ್ನೂ ನೋಡಲಿ. ‘ಆಪರೇಷನ್ ಆಗಿದೆ, ಇನ್ನೇನೂ ಇಲ್ಲ’ ಎಂದವರ ಹತ್ತಿರ ಈ ಸಲ ಹೀಗೆ ಕೇಳಿ: ‘ಹೊಸ ಲಕ್ಷಣ ಬಂದಿದೆ, ಇಡೀ ಬೆನ್ನುಹುರಿಯ ಎಂಆರ್‌ಐ ಮಾಡಿಸಬೇಕೇ?’ ಯಾವ ಬೆರಳು, ಯಾವ ಕೈ, ಯಾವ ತಾರೀಖಿನಿಂದ ಎಂದು ಇವತ್ತೇ ಬರೆದಿಡಿ. ಆ ಹಾಳೆಯ ಮೇಲೆಯೇ ಅವರ ಮಾಮೂಲಿ ಬಿಪಿ, ಕ್ಯಾತಿಟರ್ ಬದಲಿಸಿದ ದಿನ, ಔಷಧಗಳ ಹೆಸರು ಬರೆದು, ಮೇಲ್ತುದಿಯಲ್ಲಿ ಕೆಂಪು ಶಾಯಿಯಲ್ಲಿ ‘ಟಿ4, ಡಿಸ್‌ರಿಫ್ಲೆಕ್ಸಿಯಾ ಸಾಧ್ಯತೆ’ ಎಂದು ಹಾಕಿ ಗಾಲಿಕುರ್ಚಿಯ ಹಿಂದಿನ ಜೇಬಿನಲ್ಲಿ ಇಡಿ.