ಮುಂಬೈಯಲ್ಲಿ ಈಗ ಮಿಡ್ಲ್ ಕ್ಲಾಸ್ ಅನ್ನಿಸಿಕೊಳ್ಳಲು ಏನೇನು ಬೇಕು?

ಡೊಂಬಿವಲಿ_ಫಾಸ್ಟ್_ಲೋಕಲ್:

ನಮಸ್ಕಾರ ಎಲ್ಲರಿಗೂ. ಮನೆಯಲ್ಲಿ ಇದೇ ಚರ್ಚೆ ನಡೆಯುತ್ತಿದೆ, ನಿಮ್ಮ ಅಭಿಪ್ರಾಯವೂ ಬೇಕು.

ನಮ್ಮ ತಂದೆ ಉಡುಪಿ ಕಡೆಯವರು, ಇಲ್ಲಿ ಬ್ಯಾಂಕ್ ಕ್ಲರ್ಕ್ ಆಗಿದ್ದರು. ಒಂದೇ ಸಂಬಳ, ಐದು ಜನ. ಮಾಟುಂಗಾದಲ್ಲಿ ಪಗಡಿ ಖೋಲಿ (ಮೊದಲೇ ಒಂದು ಮೊತ್ತ ಕೊಟ್ಟು, ಕಡಿಮೆ ಬಾಡಿಗೆಗೆ ಕಾಯಂ ಇರುವ ಕೋಣೆ), ಕಕ್ಕಸು ಹೊರಗೆ, ನಾಲ್ಕು ಮನೆಗೆ ಒಂದು. ಫೋನಿಗೆ ಹೆಸರು ಬರೆಸಿ ವರ್ಷಗಟ್ಟಲೆ ಕಾದರು, ಗ್ಯಾಸಿಗೂ ಹಾಗೆಯೇ. ಆದರೂ ನಾವು ಮಿಡ್ಲ್ ಕ್ಲಾಸ್ ಅನ್ನುವುದರಲ್ಲಿ ಯಾರಿಗೂ ಅನುಮಾನ ಇರಲಿಲ್ಲ.

ಈಗ ನಾನು, ಹೆಂಡತಿ ಇಬ್ಬರೂ ಪ್ರೈವೇಟ್ ಕಂಪನಿಯಲ್ಲಿ ದುಡಿಯುತ್ತೇವೆ. ಸೇರಿಸಿದರೆ ವರ್ಷಕ್ಕೆ 16 ಲಕ್ಷದ ಹತ್ತಿರ. ಒನ್ ಬಿಎಚ್‌ಕೆ ಇದೆ, ಎಸಿ ಇದೆ. ಆದರೆ ಇಎಂಐ, ಸ್ಕೂಲ್ ಫೀಸು, ಕ್ಲಾಸು, ಸೊಸೈಟಿ ಮೆಂಟೆನೆನ್ಸ್, ಊರಿಗೆ ಕಳಿಸುವುದು ಎಲ್ಲ ಆದ ಮೇಲೆ ಉಳಿಯುವುದು ತುಂಬಾ ಕಡಿಮೆ. ಸರ್ಕಾರದ ಲೆಕ್ಕವೂ ತಲೆಗೆ ಹತ್ತುವುದಿಲ್ಲ. 2019ರಲ್ಲಿ ಬಂದ ಶೇ. 10 ಮೀಸಲಾತಿಗೆ ವರ್ಷಕ್ಕೆ 8 ಲಕ್ಷದ ಒಳಗಿದ್ದರೆ ಆರ್ಥಿಕವಾಗಿ ಹಿಂದುಳಿದವರು. ರಾಜ್ಯದ ವಸತಿ ಮಂಡಳಿ ಮ್ಹಾಡಾದ ಮನೆ ಲಾಟರಿಯಲ್ಲಿ ಮುಂಬೈ ಭಾಗಕ್ಕೆ 9ರಿಂದ 12 ಲಕ್ಷದವರು ಮಧ್ಯಮ, ಅದರ ಮೇಲೆ ಉನ್ನತ ಆದಾಯದವರು. ಹಾಗಾದರೆ ನಾನು ಮೇಲಿನವನು. ನನಗೆ ಹಾಗೆ ಅನ್ನಿಸುವುದೇ ಇಲ್ಲ. ಅಪ್ಪನ ಕೈಯಲ್ಲಿ ಇದ್ದು ನನ್ನ ಹತ್ತಿರ ಇಲ್ಲದಿರುವುದು ಏನು?

ಮಾಟುಂಗಾ_ರಿಟೈರ್ಡ್:

ನಾನೂ ಬ್ಯಾಂಕಿನವನೇ ಮಾರಾಯ್ರೆ, ಹಾಗಾಗಿ ಹೇಳುತ್ತೇನೆ. ನಿಮ್ಮ ತಂದೆಗೆ ಇದ್ದದ್ದು ನಾಳೆಯ ಭರವಸೆ. ಅದು ಸುಮ್ನೆ ಬಂದದ್ದಲ್ಲ. 1947ರ ಬಾಡಿಗೆ ಕಾಯ್ದೆ ಬಾಡಿಗೆಯನ್ನು 1940ರ ಮಟ್ಟದಲ್ಲೇ ಕಟ್ಟಿಹಾಕಿತ್ತು, ಅದಕ್ಕೇ ನಮ್ಮ ಖೋಲಿ ಬಾಡಿಗೆ ಸಂಬಳದ ಲೆಕ್ಕಕ್ಕೇ ಬರುತ್ತಿರಲಿಲ್ಲ. 1969ರಲ್ಲಿ 14 ಬ್ಯಾಂಕ್ ರಾಷ್ಟ್ರೀಕರಣ ಆಯಿತು, ನಮ್ಮ ಜಿಲ್ಲೆಯ ಕೆನರಾ, ಸಿಂಡಿಕೇಟ್ ಎರಡೂ ಅದರಲ್ಲಿದ್ದವು. ಊರಿನ ಹುಡುಗರು ಪರೀಕ್ಷೆ ಬರೆದು ಕೆಲಸಕ್ಕೆ ಸೇರಿದರೆ 58 ಅಥವಾ 60ರವರೆಗೆ ಯಾರೂ ಎಬ್ಬಿಸುವಂತಿರಲಿಲ್ಲ. ಕಡಿಮೆ ಬಡ್ಡಿಯ ಸ್ಟಾಫ್ ಲೋನ್ ಇತ್ತು. 1995ರಲ್ಲಿ ಪೆನ್ಷನ್ ನಿಯಮವೂ ಬಂತು.

2010ರ ಏಪ್ರಿಲ್ ನಂತರ ಬ್ಯಾಂಕ್ ಸೇರಿದವರಿಗೆ ಆ ಪೆನ್ಷನ್ ಇಲ್ಲ, ಎನ್‌ಪಿಎಸ್ (ಮಾರುಕಟ್ಟೆಯ ಏರಿಳಿತಕ್ಕೆ ಬಿಟ್ಟ ಪೆನ್ಷನ್ ನಿಧಿ) ಅಷ್ಟೇ. ಬ್ಯಾಂಕುಗಳೇ ಉಳಿಯಲಿಲ್ಲ ನೋಡಿ. ವಿಜಯಾ ಬ್ಯಾಂಕ್ 2019ರಲ್ಲಿ ಬೇರೆ ಬ್ಯಾಂಕಿನಲ್ಲಿ ವಿಲೀನವಾಗಿ ಹೋಯಿತು, ಸಿಂಡಿಕೇಟ್, ಕಾರ್ಪೊರೇಷನ್ 2020ರಲ್ಲಿ. ಅಮ್ಮ ಇದ್ದಾರಾ? ಫ್ಯಾಮಿಲಿ ಪೆನ್ಷನ್ ಬರುತ್ತಿದ್ದರೆ ನಿಮ್ಮ ಮನೆಯಲ್ಲಿ ಮುಂದಿನ ತಿಂಗಳ ಬಗ್ಗೆ ಚಿಂತೆ ಇಲ್ಲದವರು ಅವರೊಬ್ಬರೇ. 16 ಲಕ್ಷ ತರುವ ನೀವಿಬ್ಬರೂ ಅಲ್ಲ.

ಭಾಂಡುಪ್_ಶೆಟ್ರ_ಮಗ:

ಸರ್, ನಿಮ್ಮ ಮಾತು ಒಪ್ಪುತ್ತೇನೆ. ಆದರೆ ಆ ಭರವಸೆ ಎಷ್ಟು ಜನರಿಗೆ ಇತ್ತು? ನನ್ನ ಅಪ್ಪ ಹನ್ನೆರಡರ ವಯಸ್ಸಿಗೆ ಫೋರ್ಟಿನ ಹೋಟೆಲಿಗೆ ಬಂದವರು. ಟೇಬಲ್ ಒರೆಸಿ, ರಾತ್ರಿ ಕನ್ನಡ ನೈಟ್ ಸ್ಕೂಲಿಗೆ ಹೋಗಿ, ಹೋಟೆಲಿನಲ್ಲೇ ಮಲಗಿ ಎಸ್‌ಎಸ್‌ಸಿ ಮಾಡಿದರು. ಪಿಎಫ್ ಇಲ್ಲ, ರಜೆ ಇಲ್ಲ, ಪಗಡಿ ಕೊಡಲು ದುಡ್ಡಿಲ್ಲ. ಪಗಡಿ ಅಂದರೂ ಒಟ್ಟಿಗೆ ದೊಡ್ಡ ಮೊತ್ತ ಕೊಡಬೇಕಿತ್ತಲ್ಲ, ಅದನ್ನು ಎಲ್ಲರೂ ಮರೆತುಬಿಡುತ್ತಾರೆ. ಬಾಡಿಗೆ ಏರದ ಕಾರಣ ಮಾಲೀಕರು ರಿಪೇರಿಗೆ ಕೈ ಹಾಕಲಿಲ್ಲ, ಆ ಕಟ್ಟಡಗಳ ಸ್ಥಿತಿ ಮಳೆಗಾಲದಲ್ಲಿ ಹೋಗಿ ನೋಡಿ.

ಬಟ್ಟೆ ಮಿಲ್ಲಿನವರ ಕಥೆಯೂ ಅಷ್ಟೇ. ತಿಂಗಳ ಸಂಬಳ, ಇಎಸ್‌ಐ, ಪಿಎಫ್ ಎಲ್ಲ ಇದ್ದವರು. 1982ರ ಜನವರಿ 18ಕ್ಕೆ ಮುಷ್ಕರ ಶುರುವಾಯಿತು, ಸುಮಾರು ಎರಡೂವರೆ ಲಕ್ಷ ಕೆಲಸಗಾರರು ಹೊರಗೆ ಬಂದರು, ಎಷ್ಟೋ ಜನ ಮತ್ತೆ ಒಳಗೆ ಹೋಗಲೇ ಇಲ್ಲ. ಕಾಯಂ ಕೆಲಸವೂ ಹೋಗುತ್ತದೆ ಅನ್ನುವುದು ಈ ಊರಿಗೆ ಹೊಸದಲ್ಲ, ಆಫೀಸಿನವರಿಗೆ ಅದು ಈಗ ಬಂದಿದೆ, ಅಷ್ಟೇ. ನಮ್ಮ ಮನೆಯಲ್ಲಿ ತಂಗಿ ಸಿಎ ಆದ ದಿನ ಅಪ್ಪನಿಗೆ ನಾವು ಮೇಲೆ ಬಂದೆವು ಅನ್ನಿಸಿತು. ಆಗ ಸ್ವಂತ ಮನೆ ಕೂಡ ಇರಲಿಲ್ಲ.

ಹಿಂಜೆವಾಡಿ_ಕಲಬುರಗಿ:

ಪುಣೆಯಿಂದ ಬರೆಯುತ್ತಿದ್ದೇನೆ ರೀ. ಐಟಿಯಲ್ಲಿದ್ದೇನೆ, ಡೊಂಬಿವಲಿ ಅಣ್ಣನಿಗಿಂತ ಜಾಸ್ತಿ ಸಂಬಳ ಬರುತ್ತದೆ. ನನಗೆ ಎಷ್ಟು ಗಳಿಸುತ್ತೇವೆ ಅನ್ನುವುದಕ್ಕಿಂತ ಬೇರೆ ಪ್ರಶ್ನೆ ಮುಖ್ಯ. ಆರು ತಿಂಗಳು ಸಂಬಳ ನಿಂತರೆ ಮಗಳು ಅದೇ ಶಾಲೆಗೆ ಹೋಗಬಹುದಾ? ಹೋಗಬಹುದು ಅನ್ನುವವರು ಮಿಡ್ಲ್ ಕ್ಲಾಸ್. ನಮ್ಮ ಟೀಮಿನಲ್ಲಿ ಹೌದು ಅನ್ನುವವರು ಕಡಿಮೆ. ಎಲ್ಲರಿಗೂ ಕಾರಿದೆ, ಎಲ್ಲವೂ ಲೋನಿನ ಮೇಲೆ.

ಇನ್ನೊಂದು ವಿಷಯ. ಮೊದಲು ಸರ್ಕಾರಿ ಶಾಲೆ, ಮುನ್ಸಿಪಾಲ್ಟಿ ಆಸ್ಪತ್ರೆಗೆ ಹೋಗುವವರಲ್ಲಿ ಕ್ಲರ್ಕ್, ಮಾಸ್ತರರ ಮಕ್ಕಳೂ ಇದ್ದರು. ಈಗ ನಮ್ಮಂಥವರು ಎರಡನ್ನೂ ಬಿಟ್ಟೆವು. ಬಿಟ್ಟ ಮೇಲೆ ಅವು ಸರಿಯಾಗಿರಲಿ ಅಂತ ಕೇಳುವ ದನಿಯೂ ಕಡಿಮೆಯಾಯಿತು. ಮುಂಬೈ ಪಾಲಿಕೆಯ ಕನ್ನಡ ಶಾಲೆಗಳಲ್ಲಿ ಮಕ್ಕಳು ಕಡಿಮೆಯಾದದ್ದು ಎಲ್ಲರಿಗೂ ಗೊತ್ತೇ ಇದೆ. ಮೊದಲು ತೆರಿಗೆಯಲ್ಲಿ ಸಿಗುತ್ತಿದ್ದದ್ದನ್ನು ಈಗ ಫೀಸು ಕಟ್ಟಿ ಕೊಳ್ಳುತ್ತೇವೆ. 2025ರ ಬಜೆಟ್ಟಿನಲ್ಲಿ 12 ಲಕ್ಷದವರೆಗೆ ತೆರಿಗೆ ಇಲ್ಲ ಅಂದಾಗ ಆಫೀಸಿನಲ್ಲಿ ಪೇಡಾ ಹಂಚಿದರು. ಉಳಿದ ದುಡ್ಡು ಮಗಳ ಫೀಸು ಏರಿದ್ದಕ್ಕೇ ಹೋಯಿತು.

ಡೊಂಬಿವಲಿ_ಫಾಸ್ಟ್_ಲೋಕಲ್:

ಹೌದು ಸರ್, ಅಮ್ಮನಿಗೆ ಪೆನ್ಷನ್ ಬರುತ್ತದೆ, ತಿಂಗಳ ಕೊನೆಗೆ ನಮಗೇ ಕೊಡುತ್ತಾರೆ. ಹಿಂಜೆವಾಡಿಯವರ ಪ್ರಶ್ನೆಗೆ ನನ್ನ ಉತ್ತರ ಇಲ್ಲ ಅಂತಲೇ. ಮೂರು ತಿಂಗಳೂ ಕಷ್ಟ. ಮೆಡಿಕ್ಲೈಮ್ (ಆರೋಗ್ಯ ವಿಮೆ) ಎಲ್ಲರದ್ದೂ ನನ್ನ ಕಂಪನಿಯದ್ದೇ.

ಮುಲುಂಡ್_ಅಕ್ಕ:

ಹಾಗಾದರೆ ಅಲ್ಲಿಂದಲೇ ಶುರು ಮಾಡಿ ತಮ್ಮಾ. ಕಂಪನಿ ಮೆಡಿಕ್ಲೈಮ್ ಕೆಲಸದ ಜೊತೆಗೇ ಹೋಗುತ್ತದೆ. ಈಗಲೇ ಸ್ವಂತ ಪಾಲಿಸಿ ಮಾಡಿಸಿ. 65 ದಾಟಿದವರಿಗೆ ಹೊಸ ಪಾಲಿಸಿ ಇಲ್ಲ ಅನ್ನುವ ಮಿತಿಯನ್ನು 2024ರಲ್ಲೇ ತೆಗೆದಿದ್ದಾರೆ, ಹಾಗಾಗಿ ಅಮ್ಮನಿಗೂ ಕೇಳಿ. ಪ್ರೀಮಿಯಂ ಜಾಸ್ತಿ ಇರುತ್ತದೆ, ಹಳೆಯ ಕಾಯಿಲೆಗೆ ಮೂರು ವರ್ಷದವರೆಗೆ ಕಾಯಬೇಕಾಗಬಹುದು, ಅದಕ್ಕೇ ಮುಂದೂಡಬೇಡಿ. 2025ರ ಸೆಪ್ಟೆಂಬರ್ 22ರಿಂದ ಸ್ವಂತ ಪಾಲಿಸಿಗಳ ಮೇಲೆ ಜಿಎಸ್‌ಟಿಯೂ ಇಲ್ಲ. ಬ್ಯಾಂಕಿನ ನಿವೃತ್ತರ ಗ್ರೂಪ್ ಪಾಲಿಸಿಯಲ್ಲಿ ಅಮ್ಮನ ಹೆಸರು ಸೇರುತ್ತದಾ ಅಂತ ಮಾಟುಂಗಾ ಸರ್ ಹತ್ತಿರ ಕೇಳಿ ನೋಡಿ, ಅವರಿಗೆ ಗೊತ್ತಿರುತ್ತದೆ.