ಹಳ್ಳದ ಮೀನು ಸತ್ತಿದ್ದಕ್ಕೆ ಕಾರಣ ವಿಕಿರಣವಾ? ಮೊದಲು ಇಲ್ಲಿ ಮಾತಾಡೋಣ

ಸುಮಾ, 3ನೇ ಅಡ್ಡರಸ್ತೆ: ನಮ್ಮ ಬಡಾವಣೆ ಹಿಂದಿನ ಹಳ್ಳದಲ್ಲಿ ಬೆಳಿಗ್ಗೆ ಒಂದಿಪ್ಪತ್ತು ಮೀನು ಸತ್ತು ತೇಲುತ್ತಿದ್ದವು. ಕೈಗಾ ಅಣುಸ್ಥಾವರ ಹತ್ತಿರ ಇದೆ ಅಂತ ಆಗಲೇ "ವಿಕಿರಣ" ಮೆಸೇಜ್ ಓಡಾಡುತ್ತಿದೆ. ಈ ಮೀನು ತಿನ್ನುವ ನೀರುನಾಯಿಗಳ ಗತಿ ಏನು?

ಪ್ರಕಾಶ: ನಾಳೆನೇ ರಸ್ತೆ ತಡೆ ಮಾಡೋಣ.

ನಾಯಕ್ ಮಾಸ್ತರು: ಪ್ರಕಾಶ, ಸ್ವಲ್ಪ ತಡಿ. ಮನುಷ್ಯನ ಮೈಗೆ ಒಮ್ಮೆಲೇ 4-5 ಗ್ರೇ (ಗ್ರೇ ಅಂದರೆ ಮೈ ಹೀರಿದ ವಿಕಿರಣದ ಅಳತೆ) ವಿಕಿರಣ ಬಿದ್ದು ಚಿಕಿತ್ಸೆ ಸಿಗದಿದ್ದರೆ ಅರ್ಧಕ್ಕರ್ಧ ಜನ ಸಾಯುತ್ತಾರೆ. ಮೀನಿಗೆ ಸಾಮಾನ್ಯವಾಗಿ ಇನ್ನೂ ಜಾಸ್ತಿ ಬೇಕು. ಒಂದೇ ರಾತ್ರಿಗೆ ಮೀನು ತೇಲುವಷ್ಟು ವಿಕಿರಣ ಇದ್ದಿದ್ದರೆ ದಡದಲ್ಲಿ ನಿಂತು ಫೋಟೋ ತೆಗೆದ ಸುಮಕ್ಕನೂ ಆರಾಮಾಗಿ ಇರುತ್ತಿರಲಿಲ್ಲ. ನೀರು ನಾರುತ್ತಿದೆಯಾ, ಅದನ್ನು ಮೊದಲು ಹೇಳಿ.

ಸುಮಾ: ನಾರುತ್ತಿದೆ ಮಾಸ್ತರೆ. ಮೋರಿ ಕಡೆಯಿಂದ ಕಪ್ಪು ನೀರು ಬಂದಿದೆ.

ನಾಯಕ್ ಮಾಸ್ತರು: ಹಾಗಾದರೆ ಮೊದಲ ಅನುಮಾನ, ಕೊಳಚೆಯಿಂದ ನೀರಲ್ಲಿ ಆಮ್ಲಜನಕ ಕಡಿಮೆಯಾಗಿದೆ ಅಂತ. ಅದನ್ನು ಇವತ್ತೇ ನೋಡಿಸಬೇಕು, ನಾಳೆಗೆ ನೀರು ಬದಲಾಗಿರುತ್ತದೆ.

ರೇಷ್ಮಾ: ಅಂದ್ರೆ ವಿಕಿರಣದ ಪ್ರಶ್ನೆನೇ ಬಿಟ್ಟುಬಿಡೋದಾ? ಅದು ಸರಿಯಲ್ಲ ಸರ್. ಸುತ್ತ ಹುಲಿ ಕಾಡು, ಮಂಗಟ್ಟೆ ಹಕ್ಕಿ ಎಲ್ಲ ಇದೆ. ಕೇಳಿದಾಗೆಲ್ಲ ಮನುಷ್ಯರ ಲೆಕ್ಕ ಕೊಡುತ್ತಾರೆ.

ನಾಯಕ್ ಮಾಸ್ತರು: ಬಿಡಬಾರದು ತಂಗಿ, ಆದರೆ ಬೇರೆ ಅರ್ಜಿಯಲ್ಲಿ ಕೇಳಬೇಕು. ಸೀವರ್ಟ್ ಅನ್ನೋದು ಮನುಷ್ಯನಿಗಾಗಿ ಮಾಡಿದ ಅಳತೆ. ಪ್ರಾಣಿಗೆ ಗಂಟೆಗೆ ಎಷ್ಟು ಮೈಕ್ರೋಗ್ರೇ (ಗ್ರೇಯ ಹತ್ತು ಲಕ್ಷದ ಒಂದು ಪಾಲು) ಅಂತ ಕೇಳಬೇಕು. ಮನುಷ್ಯ ಸುರಕ್ಷಿತ ಅಂದರೆ ಉಳಿದ ಜೀವಗಳೂ ಸುರಕ್ಷಿತ ಅಂತಲೇ ಅಂತರರಾಷ್ಟ್ರೀಯ ವಿಕಿರಣ ರಕ್ಷಣಾ ಆಯೋಗ ಬಹಳ ಕಾಲ ನಂಬಿತ್ತು. ಆಮೇಲೆ ಮನಸ್ಸು ಬದಲಿಸಿ, 2008ರಲ್ಲಿ ಲೆಕ್ಕಕ್ಕೆ ಮಾದರಿಯಾಗಿ 12 ಜೀವಿಗಳ ಪಟ್ಟಿ ಕೊಟ್ಟಿತು. ಜಿಂಕೆ, ಇಲಿ, ಕಪ್ಪೆ, ಜೇನುಹುಳ, ಎರೆಹುಳ, ಪೈನ್ ಮರ ಎಲ್ಲ ಇವೆ. ಹಕ್ಕಿ ಅಂತ ಇರೋದು ಬಾತುಕೋಳಿ ಒಂದೇ! ಮರದ ಪೊಟರೆಯಲ್ಲಿ ಗೂಡು ಮಾಡಿ ಅತ್ತಿಹಣ್ಣು ತಿನ್ನುವ ಮಂಗಟ್ಟೆಗೆ ಬಾತುಕೋಳಿ ಲೆಕ್ಕ ಹೊಂದುತ್ತದಾ? ಕೇಳಲೇಬೇಕಾದ ಪ್ರಶ್ನೆ.

ಪ್ರಕಾಶ: ಎಷ್ಟಿದ್ದರೆ ಹೆದರಬೇಕು?

ನಾಯಕ್ ಮಾಸ್ತರು: ಪ್ರಾಣಿ, ಗಿಡಗಳಿಗೆ ವಿಕಿರಣದ ಅಪಾಯ ಅಂದಾಜು ಮಾಡುವ ಯುರೋಪಿನ ಎರಿಕಾ ವಿಧಾನದಲ್ಲಿ ಸಹಜ ವಿಕಿರಣದ ಮೇಲೆ ಗಂಟೆಗೆ 10 ಮೈಕ್ರೋಗ್ರೇ ಒಂದು ಗೆರೆ. ಅದರ ಕೆಳಗಿದ್ದರೆ ಸಾಮಾನ್ಯವಾಗಿ ಮುಂದಿನ ತಪಾಸಣೆ ಬೇಡ. ದಾಟಿದರೆ ಅಪಾಯ ಆಗೇಬಿಟ್ಟಿತು ಅಂತಲ್ಲ, ಇನ್ನೂ ಸರಿಯಾಗಿ ನೋಡಬೇಕು ಅಂತ. ಆ ಲೆಕ್ಕದಲ್ಲಿ 4 ಗ್ರೇ ಆಗೋಕೆ 45 ವರ್ಷ ಬೇಕು. ನಮ್ಮ ಮೀನು ಸತ್ತಿದ್ದು ಒಂದು ರಾತ್ರಿಯಲ್ಲಿ.

ರೇಷ್ಮಾ: ನೀರಿನ ಮಾದರಿ ಒಂದೇ ಸಾಕಾ?

ನಾಯಕ್ ಮಾಸ್ತರು: ಸಾಲದು. ವಿಕಿರಣ ಸೂಸುವ ವಸ್ತುಗಳಲ್ಲಿ ಟ್ರಿಟಿಯಂ ನೀರಿನ ಜೊತೆ ಹರಿದು ಹೋಗುತ್ತದೆ. ಸೀಸಿಯಂ ಹಾಗಲ್ಲ, ಜೇಡಿಮಣ್ಣಿಗೆ ಅಂಟುತ್ತದೆ. ಹಾಗಾಗಿ ಹೂಳಿನದ್ದೂ ಬೇಕು, ತಳದ ಮೀನಿನದ್ದೂ ಬೇಕು. ಏನು ತಿನ್ನುತ್ತದೆ ಅನ್ನೋದೂ ಮುಖ್ಯ. ಚೆರ್ನೋಬಿಲ್ ಅಣುಸ್ಥಾವರದ ದುರಂತ ಆದ ಮೇಲೆ ಜರ್ಮನಿಯ ಬವೇರಿಯಾ ಕಾಡಿನ ಜಿಂಕೆಗಳಲ್ಲಿ ಸೀಸಿಯಂ ಇಳಿಯಿತು. ಅದೇ ಕಾಡಿನ ಹಂದಿಗಳಲ್ಲಿ ದಶಕಗಳಾದರೂ ಅಷ್ಟು ಇಳಿಯಲಿಲ್ಲ, ಕಿಲೋಗೆ 600 ಬೆಕ್ವೆರೆಲ್ (ವಿಕಿರಣ ವಸ್ತು ಎಷ್ಟಿದೆ ಅನ್ನುವ ಅಳತೆ) ಮಿತಿ ದಾಟಿದ ಮಾಂಸ ಸಿಗುತ್ತಲೇ ಇತ್ತು. ಅವು ಮಣ್ಣು ಕೆದರಿ ನೆಲದೊಳಗಿನ ಅಣಬೆ ತಿನ್ನುತ್ತವೆ, ಅದಕ್ಕೆ.

ಗಣಪತಿ (ಅಡ್ಮಿನ್): ಸರಿ, ಎರಡು ಅರ್ಜಿ. ಮೋರಿ ನೀರಿನದ್ದು ಇವತ್ತೇ ಪಂಚಾಯ್ತಿಗೆ, ನಾನು ಕೊಡುತ್ತೇನೆ. ಇನ್ನೊಂದು ಕೈಗಾದ ಪರಿಸರ ಸಮೀಕ್ಷಾ ಪ್ರಯೋಗಾಲಯಕ್ಕೆ: ಹೂಳು, ಮೀನು, ನೀರಿನ ವರ್ಷವಾರು ಅಂಕಿ ಕೊಡಿ, ಯಾವ ಯಾವ ಪ್ರಾಣಿಗೆ ಲೆಕ್ಕ ಮಾಡಿದ್ದೀರಿ ಹೇಳಿ ಅಂತ. ರೇಷ್ಮಾ ಬರೆಯಲಿ, ಮಾಸ್ತರು ತಿದ್ದಲಿ. ಅಲ್ಲಿವರೆಗೆ ಆ ಮೆಸೇಜ್ ಯಾರೂ ಮುಂದೆ ಕಳಿಸಬೇಡಿ. ಸತ್ತ ಮೀನನ್ನು ನಾಯಿ, ಮಕ್ಕಳು ಮುಟ್ಟದ ಹಾಗೆ ನೋಡಿಕೊಳ್ಳಿ. ಪರೀಕ್ಷೆಗೆ ನಾಲ್ಕೈದು ಬೇಕು, ಐಸ್ ಡಬ್ಬಿ ಯಾರ ಹತ್ತಿರ ಇದೆ?

ಪ್ರಕಾಶ: ನಮ್ಮನೇಲಿದೆ. ಬಂಗಡೆ ವಾಸನೆ ಹೋಗಿಲ್ಲ, ನಡೆಯುತ್ತಾ?

ನಾಯಕ್ ಮಾಸ್ತರು: ತೊಳೆದು ತಾ ಮಾರಾಯಾ. 5 ಗಂಟೆಗೆ ಮೋರಿ ಹತ್ತಿರ ಇರುತ್ತೇನೆ.