ಇಂಡಿಯನ್ ಓಪನ್ ಗಾಲ್ಫ್: 1965ರ ನಂತರ 26 ವರ್ಷ ಭಾರತೀಯರಿಗೆ ಪ್ರಶಸ್ತಿ ಏಕೆ ಒಲಿಯಲಿಲ್ಲ?

ಪ್ರಶ್ನೆ (ಗೋಣಿಕೊಪ್ಪಲಿನಿಂದ)

ಎಲ್ಲರಿಗೂ ನಮಸ್ಕಾರ. ಕೊಡಗಿನಲ್ಲಿ ಹಾಕಿಯ ಹಳೆಯ ಪಂದ್ಯಗಳ ಬಗ್ಗೆ ಕೇಳಿದರೆ ಹೇಳುವವರು ಮನೆಮನೆಯಲ್ಲೂ ಸಿಗುತ್ತಾರೆ. ಗಾಲ್ಫ್‌ನ ವಿಷಯ ಹಾಗಿಲ್ಲ. ಮಡಿಕೇರಿ, ಬಿಟ್ಟಂಗಾಲ, ಪಾಲಿಬೆಟ್ಟಗಳಲ್ಲಿ ಮೈದಾನಗಳಿದ್ದರೂ ಆ ಆಟದ ಇತಿಹಾಸವನ್ನು ಕನ್ನಡದಲ್ಲಿ ಓದಲು ಸಿಗುವುದು ಬಹಳ ಕಡಿಮೆ. ನನ್ನ ಅಣ್ಣನ ಮಗಳು ಬಿಟ್ಟಂಗಾಲದಲ್ಲಿ ಆಟ ಕಲಿಯುತ್ತಿದ್ದು, ಶಾಲೆಯ ಗೋಡೆಪತ್ರಿಕೆಗೆ ಇಂಡಿಯನ್ ಓಪನ್ ಟೂರ್ನಿಯ ಕುರಿತು ಲೇಖನ ಬರೆಯುತ್ತಿದ್ದಾಳೆ. ವಿಜೇತರ ಪಟ್ಟಿಯನ್ನು ಓದುತ್ತಿದ್ದಾಗ ಅವಳು ಕೇಳಿದ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಟೂರ್ನಿ ಶುರುವಾದ ಎರಡನೆಯ ವರ್ಷವೇ, ಅಂದರೆ 1965ರಲ್ಲಿ, ಬಿಲ್ಲೂ ಸೇಥಿ ಗೆದ್ದಿದ್ದಾರೆ. ಅದಾದ ಮೇಲೆ ಇನ್ನೊಬ್ಬ ಭಾರತೀಯನ ಹೆಸರು ಕಾಣಿಸುವುದು 1991ರಲ್ಲಿ. ನಮ್ಮದೇ ನೆಲದಲ್ಲಿ ನಡೆಯುವ ಪಂದ್ಯದಲ್ಲಿ ಇಷ್ಟು ದೀರ್ಘ ಕಾಲ ನಮ್ಮವರು ಗೆಲ್ಲದಿರಲು ಕಾರಣವೇನು? ಪಟ್ಟಿಯಲ್ಲಿ ಕರ್ನಾಟಕದವರು ಯಾರಾದರೂ ಇದ್ದಾರೆಯೇ? ತಿಳಿದವರು ದಯವಿಟ್ಟು ವಿವರವಾಗಿ ಬರೆಯಬೇಕು.

ಉತ್ತರ 1 (ಮಡಿಕೇರಿಯಿಂದ)

ಒಳ್ಳೆಯ ಪ್ರಶ್ನೆ, ಮಗುವಿಗೆ ನನ್ನ ಅಭಿನಂದನೆ ತಿಳಿಸಿ.

ಇಂಡಿಯನ್ ಓಪನ್ 1964ರಲ್ಲಿ ದೆಹಲಿ ಗಾಲ್ಫ್ ಕ್ಲಬ್‌ನಲ್ಲಿ ಆರಂಭವಾಯಿತು. ಅದರ ಹುಟ್ಟಿಗೆ ಬಹುಮಟ್ಟಿಗೆ ಕಾರಣರಾದವರು ಆಸ್ಟ್ರೇಲಿಯಾದ ಪೀಟರ್ ಥಾಮ್ಸನ್. ಬ್ರಿಟಿಷ್ ಓಪನ್ ಅನ್ನು ಐದು ಬಾರಿ ಗೆದ್ದ ಆ ಮಹಾನ್ ಆಟಗಾರ ಏಷ್ಯಾದಲ್ಲಿ ಈ ಆಟ ಬೆಳೆಯಬೇಕೆಂದು ಮನಸ್ಸಿಟ್ಟು ದುಡಿದವರು. ಮೊದಲ ವರ್ಷದ ಪ್ರಶಸ್ತಿ ಅವರಿಗೇ ಸಂದಿತು. 1966ರಲ್ಲಿ, ಮತ್ತೆ ಹತ್ತು ವರ್ಷ ಬಿಟ್ಟು 1976ರಲ್ಲಿ ಅವರು ಗೆದ್ದರು. ಮೂರು ಬಾರಿ ಗೆದ್ದ ಈ ದಾಖಲೆಯನ್ನು ಸರಿಗಟ್ಟಿದವರು ಜ್ಯೋತಿ ರಾಂಧವ ಒಬ್ಬರೇ. ಅವರು ಗೆದ್ದದ್ದು 2000, 2006 ಮತ್ತು 2007ರಲ್ಲಿ.

ಸೇಥಿಯವರ ಗೆಲುವನ್ನು ನಾವು ಸರಿಯಾಗಿ ಅಳೆದಿಲ್ಲ ಎಂಬುದು ನನ್ನ ಅಭಿಪ್ರಾಯ. 1965ರಲ್ಲಿ ಕೋಲ್ಕತ್ತದ ರಾಯಲ್ ಕಲ್ಕತ್ತಾ ಗಾಲ್ಫ್ ಕ್ಲಬ್‌ನಲ್ಲಿ ಗೆದ್ದಾಗ ಅವರು ಹವ್ಯಾಸಿ ಆಟಗಾರರು. ಆಟವನ್ನೇ ವೃತ್ತಿಯಾಗಿಸಿಕೊಂಡವರನ್ನೆಲ್ಲ ಹಿಂದಿಕ್ಕಿ ಈ ಟೂರ್ನಿಯನ್ನು ಗೆದ್ದ ಹವ್ಯಾಸಿ ಅವರನ್ನು ಬಿಟ್ಟರೆ ಬೇರೊಬ್ಬರಿಲ್ಲ. ಅದಕ್ಕೂ ಮುಂಚೆ, 1961ರಲ್ಲಿ, ಗಾಲ್ಫ್‌ಗಾಗಿ ಅರ್ಜುನ ಪ್ರಶಸ್ತಿಯನ್ನು ಅವರು ಪಡೆದಿದ್ದರು.

ಇನ್ನು 26 ವರ್ಷಗಳ ಮಾತು. 1970ರ ಹೊತ್ತಿಗೆ ಇಂಡಿಯನ್ ಓಪನ್ ಏಷ್ಯಾ ಗಾಲ್ಫ್ ಸರ್ಕ್ಯೂಟ್‌ನ ಭಾಗವಾಗಿತ್ತು. ವರ್ಷದ ಮೊದಲ ಕೆಲವು ತಿಂಗಳಲ್ಲಿ ಆಟಗಾರರು ದೇಶದಿಂದ ದೇಶಕ್ಕೆ ಹೋಗುತ್ತ, ವಾರಕ್ಕೊಂದು ಟೂರ್ನಿ ಆಡುತ್ತಿದ್ದರು. ತೈವಾನ್, ಜಪಾನ್, ಆಸ್ಟ್ರೇಲಿಯಾಗಳ ಅತ್ಯುತ್ತಮರೂ ಅಮೆರಿಕದಲ್ಲಿ ಇನ್ನೂ ಸ್ಥಾನ ಸಿಗದ ಯುವಕರೂ ಇಲ್ಲಿಗೆ ಬಂದರು. ಆಸ್ಟ್ರೇಲಿಯಾದ ಗ್ರಹಾಂ ಮಾರ್ಷ್ ಮತ್ತು ಬ್ರಯಾನ್ ಜೋನ್ಸ್ ಎರಡೆರಡು ಬಾರಿ ಗೆದ್ದರು. 1981ರಲ್ಲಿ ಗೆದ್ದ ಪೇನ್ ಸ್ಟೀವರ್ಟ್ ಮುಂದೆ ಅಮೆರಿಕದ ಪಿಜಿಎ ಚಾಂಪಿಯನ್‌ಷಿಪ್ಪನ್ನೂ ಎರಡು ಬಾರಿ ಯುಎಸ್ ಓಪನ್ ಅನ್ನೂ ಗೆದ್ದುಕೊಂಡರು. ಇಂಥವರು ವಾರವಾರವೂ ಸ್ಪರ್ಧಿಸಿ ಹುರಿಗೊಂಡು ಬರುತ್ತಿದ್ದಾಗ, ವರ್ಷಕ್ಕೊಮ್ಮೆ ಮಾತ್ರ ಆ ಮಟ್ಟದ ಪಂದ್ಯ ಕಾಣುತ್ತಿದ್ದ ನಮ್ಮವರು ಹಿಂದುಳಿದದ್ದು ಸಹಜ. 1991ರಲ್ಲಿ ದೆಹಲಿಯ ಅಲಿ ಶೇರ್ ಆ ಸರಪಳಿಯನ್ನು ಮುರಿದರು ಮತ್ತು 1993ರಲ್ಲಿ ಮತ್ತೊಮ್ಮೆ ಗೆದ್ದು, ಮೊದಲನೆಯದು ಅದೃಷ್ಟದ ಗೆಲುವಲ್ಲ ಎಂದು ತೋರಿಸಿಕೊಟ್ಟರು.

ಉತ್ತರ 2 (ಪಾಲಿಬೆಟ್ಟದಿಂದ)

ಮಡಿಕೇರಿಯ ಹಿರಿಯರು ಕೊಟ್ಟ ವಿವರಗಳನ್ನು ನಾನು ಪೂರ್ತಿ ಒಪ್ಪುತ್ತೇನೆ. ಆದರೆ ಕಾರಣವನ್ನು ವಿದೇಶಿ ಆಟಗಾರರ ಬಲದಲ್ಲಿ ಮಾತ್ರ ಹುಡುಕಿದರೆ ಸಾಲದು ಎಂದು ವಿನಯದಿಂದ ಹೇಳಬಯಸುತ್ತೇನೆ.

ಅಲಿ ಶೇರ್ ಯಾರು ಎಂದು ನೋಡಿ. ದೆಹಲಿ ಗಾಲ್ಫ್ ಕ್ಲಬ್‌ನ ಕ್ಯಾಡಿಗಳ, ಅಂದರೆ ಆಟಗಾರರ ಚೀಲ ಹೊರುವವರ, ನಡುವಿನಿಂದ ಬೆಳೆದು ಬಂದವರು. ನಮ್ಮ ದೇಶದಲ್ಲಿ ಬಹಳ ಕಾಲ ಗಾಲ್ಫ್ ಕ್ಲಬ್ಬಿನ ಸದಸ್ಯರಾಗಿದ್ದವರು ಒಂದು ವರ್ಗ, ಅವರ ಚೀಲ ಹೊತ್ತು ನಡೆದವರು ಇನ್ನೊಂದು ವರ್ಗ. ಗಾಳಿ ಎತ್ತಣಿಂದ ಬೀಸುತ್ತಿದೆ, ಗ್ರೀನ್ (ಗುಳಿಯ ಸುತ್ತಲಿನ ನುಣುಪು ಹುಲ್ಲು) ಯಾವ ಕಡೆಗೆ ವಾಲಿದೆ, ಈ ಹೊಡೆತಕ್ಕೆ ಯಾವ ಕ್ಲಬ್ (ಚೆಂಡು ಹೊಡೆಯುವ ಕೋಲು) ಬೇಕು ಎಂಬುದನ್ನು ನಿತ್ಯ ನೋಡಿ ತಿಳಿದಿದ್ದವರು ಎರಡನೆಯವರು. ಆದರೆ ಅವರ ಕೈಗೆ ಸ್ವಂತದ ಕ್ಲಬ್ ಸಿಗುವುದೇ ಕಷ್ಟವಾಗಿತ್ತು. ವಾರಕ್ಕೊಂದು ದಿನ, ಹೆಚ್ಚಾಗಿ ಸೋಮವಾರ, ಸದಸ್ಯರ ಆಟಕ್ಕೆ ರಜೆಯಿದ್ದಾಗ ಕ್ಯಾಡಿಗಳಿಗೆ ಆಡಲು ಬಿಡುವ ರೂಢಿ ಹಲವು ಕ್ಲಬ್‌ಗಳಲ್ಲಿದೆ. ಆ ಒಂದು ದಿನದಲ್ಲಿ, ಯಾರೋ ಬಿಟ್ಟುಕೊಟ್ಟ ಹಳೆಯ ಕ್ಲಬ್‌ಗಳಲ್ಲಿ ಕಲಿತು ಇಂಡಿಯನ್ ಓಪನ್‌ವರೆಗೆ ಬರಬೇಕಿತ್ತು. ಆಟ ಬಲ್ಲವನಿಗೆ ಅನುಕೂಲವಿರಲಿಲ್ಲ, ಅನುಕೂಲವಿದ್ದವನಿಗೆ ಅದು ಹೊಟ್ಟೆಪಾಡಾಗಿರಲಿಲ್ಲ. ನನ್ನ ದೃಷ್ಟಿಯಲ್ಲಿ 26 ವರ್ಷಗಳ ಮುಖ್ಯ ಕಾರಣ ಇದೇ.

ಈ ಅಂತರ ಕರಗತೊಡಗಿದ ಮೇಲೆ ಪಟ್ಟಿ ಹೇಗೆ ಬದಲಾಯಿತು ನೋಡಿ. 1998ರಲ್ಲಿ ಫಿರೋಜ್ ಅಲಿ, 1999ರಲ್ಲಿ ಅರ್ಜುನ್ ಅಟ್ವಾಲ್, 2000ದಲ್ಲಿ ರಾಂಧವ, ಹೀಗೆ ಮೂರು ವರ್ಷ ಸತತವಾಗಿ ಭಾರತೀಯರೇ ಗೆದ್ದರು. 2002ರಲ್ಲಿ ಲಖನೌದ ವಿಜಯ್ ಕುಮಾರ್ ಗೆದ್ದರು.

ಈಗ ತಮ್ಮ ಎರಡನೆಯ ಪ್ರಶ್ನೆ. 2009ರ ಚಾಂಪಿಯನ್ ಸಿ. ಮುನಿಯಪ್ಪ ನಮ್ಮ ಬೆಂಗಳೂರಿನವರು, ಅವರೂ ಕ್ಯಾಡಿಯಾಗಿ ದುಡಿದವರು. ಗುರುಗ್ರಾಮದ ಡಿಎಲ್‌ಎಫ್ ಮೈದಾನದಲ್ಲಿ ನಾಲ್ಕು ದಿನದ ಆಟ ಮುಗಿದಾಗ ಅವರೂ ಕೊರಿಯಾದ ಲೀ ಸಂಗ್ ಅವರೂ ಒಟ್ಟು ಹೊಡೆತಗಳಲ್ಲಿ ಸಮನಾಗಿದ್ದರು. ಸಮಬಲ ಮುರಿಯಲು ಆಡಿಸುವ ಹೆಚ್ಚುವರಿ ಆಟವಾದ ಪ್ಲೇಆಫ್‌ನಲ್ಲಿ ಮುನಿಯಪ್ಪ ಗೆದ್ದರು. ಪಂದ್ಯಕ್ಕೆ ಮುನ್ನ ಅವರ ಹೆಸರು ಕರ್ನಾಟಕದಲ್ಲೇ ಎಷ್ಟು ಜನರಿಗೆ ಗೊತ್ತಿತ್ತು? ಗೆದ್ದ ನಂತರವಾದರೂ ನಾವು ಅವರನ್ನು ಸಾಕಷ್ಟು ಕೊಂಡಾಡಲಿಲ್ಲ ಎಂಬ ನೋವು ನನಗಿದೆ. ಗೋಡೆಪತ್ರಿಕೆಯಲ್ಲಿ ಒಂದೇ ಒಂದು ಚಿತ್ರಕ್ಕೆ ಜಾಗವಿದ್ದರೆ ಅದು ಮುನಿಯಪ್ಪನವರದ್ದಾಗಲಿ.

ಪ್ರಶ್ನೆ ಕೇಳಿದವರಿಂದ

ಇಬ್ಬರಿಗೂ ಧನ್ಯವಾದಗಳು. ಮುನಿಯಪ್ಪನವರ ವಿಷಯ ಓದಿ ಮಗು ಬಹಳ ಸಂತೋಷಪಟ್ಟಿದ್ದಾಳೆ. ಇನ್ನೊಂದು ಸಂದೇಹವಿದೆ. ಟೂರ್ನಿ ಯಾವಾಗಲೂ ದೆಹಲಿ, ಕೋಲ್ಕತ್ತಗಳ ಸುತ್ತವೇ ನಡೆದಿದೆಯೇ, ನಮ್ಮ ರಾಜ್ಯಕ್ಕೂ ಬಂದಿತ್ತೇ? ಹೆಣ್ಣುಮಕ್ಕಳಿಗೂ ಇಂಥದ್ದೊಂದು ಟೂರ್ನಿ ಇದೆಯೇ ಎಂದೂ ಕೇಳುತ್ತಿದ್ದಾಳೆ.

ಉತ್ತರ 3 (ವಿರಾಜಪೇಟೆಯಿಂದ)

ಹೆಚ್ಚಿನ ವರ್ಷಗಳಲ್ಲಿ ದೆಹಲಿ ಮತ್ತು ಕೋಲ್ಕತ್ತಗಳಲ್ಲೇ ನಡೆದದ್ದು ನಿಜ. 2012ರಲ್ಲಿ ಮಾತ್ರ ಬೆಂಗಳೂರಿನ ಕರ್ನಾಟಕ ಗಾಲ್ಫ್ ಅಸೋಸಿಯೇಷನ್ ಮೈದಾನದಲ್ಲಿ ನಡೆದು, ಥಾಯ್ಲೆಂಡ್‌ನ ಥಾವೊರ್ನ್ ವಿರಾಚಾಂಟ್ ಎರಡನೆಯ ಬಾರಿಗೆ ಚಾಂಪಿಯನ್ ಆದರು. ಆ ಮೈದಾನವನ್ನು ವಿನ್ಯಾಸಗೊಳಿಸಿದವರು ಮೇಲೆ ಹೇಳಿದ ಪೀಟರ್ ಥಾಮ್ಸನ್ ಅವರೇ.

ಮೈದಾನ ಬದಲಾದರೆ ಆಟವೇ ಬದಲಾಗುತ್ತದೆ ಎಂಬುದನ್ನು ಮಗುವಿಗೆ ಹೇಳಿ, ಏಕೆಂದರೆ ವಿಜೇತರ ಪಟ್ಟಿ ಇದನ್ನು ತಿಳಿಸುವುದಿಲ್ಲ. ದೆಹಲಿ ಗಾಲ್ಫ್ ಕ್ಲಬ್‌ನಲ್ಲಿ ಹಳೆಯ ಗೋರಿ ಗುಮ್ಮಟಗಳ ನಡುವೆ ಸಾಗುವ ಫೇರ್‌ವೇಗಳು (ಚೆಂಡು ಬೀಳಬೇಕಾದ ಹುಲ್ಲಿನ ಹಾದಿಗಳು) ಬಹಳ ಕಿರಿದು. ಎರಡೂ ಬದಿಗೆ ಪೊದೆ. ನಮ್ಮ ತೋಟದ ಬೇಲಿಯೊಳಗೆ ಬಿದ್ದ ಚೆಂಡಿನಂತೆ ಅಲ್ಲಿ ಹೊಕ್ಕ ಚೆಂಡು ಸಿಕ್ಕರೂ ಹೊಡೆಯಲು ಬಾರದು. ಆದ್ದರಿಂದ ದೂರ ಹೊಡೆಯುವವರೂ ಅಲ್ಲಿ ಡ್ರೈವರನ್ನು (ಅತಿ ದೂರ ಹೊಡೆಯುವ ಕ್ಲಬ್ಬನ್ನು) ಚೀಲದಲ್ಲೇ ಬಿಟ್ಟು ನೇರ ಹೊಡೆತಕ್ಕೆ ಮನಸ್ಸು ಕೊಡಬೇಕಾಗುತ್ತದೆ. ಬೆಂಗಳೂರಿನಲ್ಲಿ ಪಳಗಿದ ಅನಿರ್ಬನ್ ಲಾಹಿರಿ 2015ರ ಟೂರ್ನಿಯ ಕೊನೆಯ ದಿನ ಏಳು ಹೊಡೆತ ಹಿಂದಿದ್ದು, ಅಲ್ಲಿಂದ ಮೇಲೆದ್ದು ಎಸ್‌.ಎಸ್‌.ಪಿ. ಚೌರಾಸಿಯಾ ಅವರನ್ನು ಪ್ಲೇಆಫ್‌ನಲ್ಲಿ ಸೋಲಿಸಿದ್ದು ಇದೇ ಮೈದಾನದಲ್ಲಿ.

ಚೌರಾಸಿಯಾ ಅವರು ಎರಡನೇ ಸ್ಥಾನಕ್ಕೆ ನಿಂತದ್ದು ಅದು ನಾಲ್ಕನೆಯ ಬಾರಿ. ರಾಯಲ್ ಕಲ್ಕತ್ತಾದಲ್ಲಿ ಹುಲ್ಲು ನೋಡಿಕೊಳ್ಳುತ್ತಿದ್ದವರ ಮಗ ಅವರು. 1999, 2006, 2013, 2015 ಎಲ್ಲದರಲ್ಲೂ ಕೈಗೆ ಬಂದದ್ದು ಬಾಯಿಗೆ ಬರಲಿಲ್ಲ. 2016ರಲ್ಲಿ ಕೊನೆಗೂ ಗೆದ್ದರು. ಮರುವರ್ಷ ಟೂರ್ನಿ ಡಿಎಲ್‌ಎಫ್‌ಗೆ ಹೋಯಿತು. ದಕ್ಷಿಣ ಆಫ್ರಿಕಾದ ಹಿರಿಯ ಆಟಗಾರ ಗ್ಯಾರಿ ಪ್ಲೇಯರ್ ಹೊಸದಾಗಿ ರೂಪಿಸಿದ ಆ ಮೈದಾನದಲ್ಲಿ ಯುರೋಪಿನ ಅನುಭವಿಗಳೂ ತತ್ತರಿಸುತ್ತಿದ್ದಾಗ ಅವರು ಏಳು ಹೊಡೆತಗಳ ಅಂತರದಿಂದ ಪ್ರಶಸ್ತಿ ಉಳಿಸಿಕೊಂಡರು. ಭಾರತೀಯನೊಬ್ಬ ಆಡಿದ ಅತ್ಯಂತ ಗಟ್ಟಿ ಆಟ ಅದೆಂದು ನಾನು ನಂಬಿದ್ದೇನೆ. ಆ ಮೈದಾನದ ಕಾಠಿಣ್ಯ ತಿಳಿಯಲು 2019ರ ಕೊನೆಯ ದಿನವನ್ನು ನೋಡಬಹುದು. ಸ್ಕಾಟ್ಲೆಂಡ್‌ನ ಸ್ಟೀಫನ್ ಗಲಾಚರ್ ಏಳನೇ ಹೋಲ್‌ನಲ್ಲಿ (ಗುಳಿಯಲ್ಲಿ), ನಾಲ್ಕು ಹೊಡೆತದಲ್ಲಿ ಮುಗಿಸಬೇಕಾದಲ್ಲಿ ಎಂಟು ತೆಗೆದುಕೊಂಡರು. ಬೇರೆ ಮೈದಾನವಾಗಿದ್ದರೆ ಅಲ್ಲಿಗೆ ಕಥೆ ಮುಗಿಯುತ್ತಿತ್ತು. ಉಳಿದವರೂ ಎಡವುತ್ತಲೇ ಇದ್ದುದರಿಂದ, ಕೊನೆಯ ಮೂರು ಹೋಲ್‌ಗಳಲ್ಲಿ ಮೂರು ಬರ್ಡಿ (ನಿಗದಿಗಿಂತ ಒಂದು ಹೊಡೆತ ಕಡಿಮೆ) ಹೊಡೆದು ಅವರೇ ಒಂದು ಹೊಡೆತದಿಂದ ಗೆದ್ದರು. ಕೋವಿಡ್‌ನಿಂದಾಗಿ 2020ರಿಂದ 2022ರವರೆಗೆ ಟೂರ್ನಿ ನಡೆಯಲಿಲ್ಲ. ನಂತರ ಜರ್ಮನಿಯ ಮಾರ್ಸೆಲ್ ಸೀಮ್, ಜಪಾನಿನ ಕೀಟಾ ನಕಾಜಿಮಾ, ಸ್ಪೇನ್‌ನ ಯುಜೆನಿಯೊ ಚಕಾರಾ ಕ್ರಮವಾಗಿ 2023, 2024, 2025ರಲ್ಲಿ ಗೆದ್ದಿದ್ದಾರೆ.

ಮಹಿಳೆಯರ ಇಂಡಿಯನ್ ಓಪನ್ 2007ರಿಂದ ನಡೆಯುತ್ತಿದೆ. ಅದನ್ನು ಗೆದ್ದ ಮೊದಲ ಭಾರತೀಯಳು ಬೆಂಗಳೂರಿನ ಅದಿತಿ ಅಶೋಕ್. 2016ರಲ್ಲಿ ಗೆದ್ದಾಗ ಆಕೆಗೆ 18 ವರ್ಷ. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ನಾಲ್ಕನೇ ಸ್ಥಾನ ಪಡೆದು ಸ್ವಲ್ಪದರಲ್ಲಿ ಪದಕ ತಪ್ಪಿಸಿಕೊಂಡಾಕೆ ಆಕೆಯೇ. ಮುನಿಯಪ್ಪನವರ ಚಿತ್ರ ಅಗತ್ಯವಾಗಿ ಇರಲಿ, ಆದರೆ ಅದರ ಪಕ್ಕದಲ್ಲಿ ಅದಿತಿಯ ಚಿತ್ರಕ್ಕೂ ಜಾಗ ಮಾಡಿಕೊಡಲು ಹೇಳಿ. ಮಳೆಗಾಲ ಮುಗಿದು ಬಿಟ್ಟಂಗಾಲದ ಹುಲ್ಲು ಒಣಗಿದ ಮೇಲೆ ಮಗುವನ್ನು ಕರೆತಂದರೆ, ನನ್ನ ಬಳಿಯಿರುವ ಹಳೆಯ ಪತ್ರಿಕೆಗಳ ತುಣುಕುಗಳನ್ನು ಅವಳ ಲೇಖನಕ್ಕೆ ಸಂತೋಷದಿಂದ ಕೊಡುತ್ತೇನೆ.